ಅರ್ಥವಿಲ್ಲದ ಚೌಕ

ಎರಡು ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದರೆ ಅದೇನು? ಶಾಲೆಯ ಹುಡುಗ ಕೂಡುವ ಲೆಕ್ಕದ ಗುರುತೆನ್ನುತ್ತಾನೆ. ಕ್ರೈಸ್ತ ಭಕ್ತನಿಗೆ ಅದು ಶಿಲುಬೆ. ಕೆಂಪು ಬಳಿದು ಬಾಗಿಲ ಮೇಲೆ ಬರೆದರೋ, ಒಳಗೆ ಡಾಕ್ಟರಿದ್ದಾರೆಂದು ನಮ್ಮ ಬೀದಿಯವರೆಲ್ಲ ತಿಳಿಯುತ್ತಾರೆ. ವೃತ್ತ, ತ್ರಿಕೋನ, ಚೌಕಗಳಿಗೆ ಭಾಷೆಯ ಗಡಿಯಿಲ್ಲ, ಅವುಗಳಿಂದಲೇ ಲೋಕಕ್ಕೆಲ್ಲ ಒಂದು ಬರಹವನ್ನು ಕಟ್ಟಬಹುದು ಎನ್ನುವವರುಂಟು. ಕೇಳಲು ಸೊಗಸಾದ ಮಾತು. ಕೆಂಪು ಶಿಲುಬೆಯ ಚರಿತ್ರೆಯನ್ನು ನೋಡಿದರೆ ಅದು ಅಷ್ಟು ಸುಲಭವೆಂದು ತೋರುವುದಿಲ್ಲ.

1859ರಲ್ಲಿ ಇಟಲಿಯ ಸಾಲ್ಫೆರಿನೋ ರಣರಂಗದಲ್ಲಿ ಗಾಯಾಳುಗಳು ಕೇಳುವವರಿಲ್ಲದೆ ನರಳುತ್ತಿದ್ದುದನ್ನು ಜಿನೀವಾದ ವ್ಯಾಪಾರಿ ಹೆನ್ರಿ ಡ್ಯೂನಾಂಟ್ ಕಂಡ. ಆ ಮರುಕವೇ ಬೆಳೆದು 1864ರ ಜಿನೀವಾ ಒಪ್ಪಂದವಾಯಿತು. ಗಾಯಾಳುಗಳನ್ನು ಉಪಚರಿಸುವವರ ಮೇಲೆ ಯಾರೂ ಕೈಮಾಡಬಾರದು. ಅವರನ್ನು ದೂರದಿಂದಲೇ ಗುರುತಿಸಲು ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆ. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದರೆ ಬರುವುದು ಇದೇ. ಆದರೆ 1876ರ ಯುದ್ಧದಲ್ಲಿ ತುರ್ಕರು, ಈ ಗುರುತು ನಮ್ಮ ಸಿಪಾಯಿಗಳ ಮನಸ್ಸನ್ನು ನೋಯಿಸುತ್ತದೆಂದು ಕೆಂಪು ಬಾಲಚಂದ್ರನನ್ನು ಹಿಡಿದರು. ಒಬ್ಬರಿಗೆ ಬಾವುಟವಾಗಿ ಕಂಡದ್ದು ಇನ್ನೊಬ್ಬರಿಗೆ ಪರಧರ್ಮವಾಗಿ ಕಂಡಿತು. ತಪ್ಪು ಯಾರದು? ಯಾರದೂ ಅಲ್ಲ. ಕಣ್ಣು ನೋಡುವುದು ಬರಿಯ ಗೆರೆಯನ್ನಲ್ಲ, ಅಜ್ಜ ಮುತ್ತಜ್ಜಂದಿರು ಕಂಡದ್ದನ್ನೂ ಕೂಡಿಸಿಕೊಂಡು ನೋಡುತ್ತದೆ.

ಮುಂದೆ ಪರ್ಷಿಯಾ ಸಿಂಹ-ಸೂರ್ಯರನ್ನು ತಂದಿತು. ಇಸ್ರೇಲಿನ ಸಂಸ್ಥೆಗೆ ಶಿಲುಬೆಯೂ ಬೇಡ, ಚಂದ್ರನೂ ಬೇಡ. ಕೊನೆಗೆ 2005ರ ಡಿಸೆಂಬರಿನಲ್ಲಿ, ಮತ ರಾಜಕೀಯ ಯಾವುದರ ನೆನಪನ್ನೂ ತಾರದ ಆಕೃತಿಯೊಂದನ್ನು ಒಪ್ಪಿದರು: ಮೂಲೆಯ ಮೇಲೆ ನಿಂತ, ಕೆಂಪು ಅಂಚಿನ, ಒಳಗೆ ಬರಿದಾದ ಚೌಕ. ಹೆಸರು ಕೆಂಪು ಸ್ಫಟಿಕ. (ಇಸ್ಪೀಟಾಡುವವರಿಗೆ ಅದು ಡೈಮಂಡಿನಂತೆ ಕಂಡರೆ ರಾಯಭಾರಿಗಳು ಏನು ಮಾಡಿಯಾರು!)

ಅರ್ಥವಿಲ್ಲದ್ದು ಯಾರನ್ನೂ ನೋಯಿಸದು, ನಿಜ. ಹಾಗೆಯೇ ಯಾರನ್ನೂ ತಡೆಯದು. ಬಂದೂಕಿನ ಕುದುರೆಯ ಮೇಲಿಟ್ಟ ಬೆರಳನ್ನು ಹಿಂದಕ್ಕೆಳೆಯುವ ಶಕ್ತಿ ಚೌಕದ ನಾಲ್ಕು ಬಾಹುಗಳಲ್ಲಿ ಎಲ್ಲಿಂದ ಬರಬೇಕು? ಶಿಲುಬೆಯ ಆಕಾರದಲ್ಲೂ ಅದಿರಲಿಲ್ಲ. ಅದರ ಕೆಳಗೆ ನಿಂತವರು ಶತ್ರುವಿನ ಗಾಯಕ್ಕೂ ಪಟ್ಟಿ ಕಟ್ಟಿದರು; ಅವರ ಕೈಯಲ್ಲಿ ಆಯುಧವಿಲ್ಲವೆಂದು ಎದುರಿನವನು ನಂಬಿದ. ಹೊಸ ಚೌಕಕ್ಕೂ ಆ ನಂಬಿಕೆಯನ್ನು ಮೊದಲಿನಿಂದ ಗಳಿಸಬೇಕು.

ಗಳಿಸಿದ್ದನ್ನು ಕಳೆಯುವುದು ಮಾತ್ರ ಬಲು ಸುಲಭ. ಅಪ್ಪಣೆಯಿಲ್ಲದೆ ಕೆಂಪು ಶಿಲುಬೆಯನ್ನು ಬಳಸಬಾರದೆಂದು ನಮ್ಮ ದೇಶದಲ್ಲಿ 1960ರ ಕಾಯಿದೆಯೇ ಇದೆ. ಆದರೂ ಔಷಧದಂಗಡಿಯ ಬೋರ್ಡಿನಲ್ಲಿ, ನಿಲ್ಲಿಸಬಾರದ ಕಡೆ ನಿಲ್ಲಿಸಿದ ಕಾರಿನ ಗಾಜಿನಲ್ಲಿ ಅದನ್ನು ದಿನವೂ ಕಾಣುತ್ತೇವೆ. ಎಲ್ಲೋ ರಣರಂಗದಲ್ಲಿ ಒಬ್ಬನ ಪ್ರಾಣ ಕಾಯಬೇಕಾದ ಗುರುತನ್ನು ಇಲ್ಲಿ ಪೊಲೀಸಿನವನಿಂದ ತಪ್ಪಿಸಿಕೊಳ್ಳಲು ಬಳಸುವುದು ಸಣ್ಣ ತಪ್ಪೆಂದು ನನಗನಿಸುವುದಿಲ್ಲ.

ಹೀಗೆನ್ನುವ ನನ್ನ ಮನೆಯ ಔಷಧದ ಡಬ್ಬಿಯ ಮೇಲೂ ಅದೇ ಗುರುತಿದೆ. ನಾನೇ ಕೆಂಪು ಬಣ್ಣದಲ್ಲಿ ಬರೆದದ್ದು. ನಿನ್ನೆ ಕೆರೆದು ತೆಗೆಯಹೊರಟೆ. “ಬೇಡಿ, ಆಮೇಲೆ ಮಕ್ಕಳಿಗೆ ಡಬ್ಬಿ ಯಾವುದೆಂದೇ ತಿಳಿಯೋದಿಲ್ಲ” ಎಂದಳು ಮನೆಯಾಕೆ.