ವಸೂಲಿ ಯಾರ ಕೆಲಸ?

ಕೋರ್ಟಿನ ಮೆಟ್ಟಿಲು ಹತ್ತಿದವರ ಬಗ್ಗೆ ನಮ್ಮ ಜನ ಒಂದು ಗಾದೆ ಕಟ್ಟಿದ್ದಾರೆ: ಗೆದ್ದವನು ಸೋತ, ಸೋತವನು ಸತ್ತ. ಸಾಲದ ಬಗ್ಗೆ ಇನ್ನೊಂದಿದೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಮೊದಲನೆಯದು ಇಲ್ಲದವರ ಬಾಯಿಂದ ಬಂದದ್ದು. ಎರಡನೆಯದು ಬಡ್ಡಿ ವ್ಯಾಪಾರದವರದೇ ಇರಬೇಕು. ಯಾಕೆಂದರೆ ಸಾಲ ಇಸ್ಕೊಂಡ ನಮ್ಮ ಕೇರಿಯವರಲ್ಲಿ ಒಬ್ಬ ಈರಭದ್ರನನ್ನೂ ನಾವು ಕಂಡಿಲ್ಲ. ಕಂಡದ್ದೆಲ್ಲ, ಕಂತಿನವನ ಮೋಟಾರ್ ಬೈಕಿನ ಸದ್ದಿಗೆ ಹಿತ್ತಲ ಬಾಗಿಲಿನಿಂದ ಹೊರಡುವವರನ್ನೇ. ಸಾಲಗಾರನೇ ಕೊಟ್ಟವನಾಗಿ, ಕಂಪನಿಯೇ ಇಸ್ಕೊಂಡದ್ದಾಗಿ ತಿರುಗುವ ಸಂದರ್ಭವೊಂದಿದೆ. ಅದನ್ನು ಕುರಿತು ಇಲ್ಲಿ ಸ್ವಲ್ಪ ಯೋಚಿಸಬೇಕಾಗಿದೆ.

ಒಂದು ಗೂಡ್ಸ್ ಆಟೋ ಅಂತಿಟ್ಟುಕೊಳ್ಳಿ. ಫೈನಾನ್ಸ್ ಕಂಪನಿಯ ಸಾಲ. ಕಂತು ಕಟ್ಟಿದ ರಸೀದಿ ಜೇಬಿನಲ್ಲೇ ಇದೆ, ಆದರೆ ಕಂಪನಿಯ ಲೆಕ್ಕದಲ್ಲಿ ಅದು ಏರಿಲ್ಲ. ಬೆಳಗಿನ ಜಾವ ನಾಲ್ಕು ಜನ ಬರುತ್ತಾರೆ, ಕೀಲಿ ಕಿತ್ತುಕೊಳ್ಳುತ್ತಾರೆ, ಗಾಡಿ ಎಳೆದುಕೊಂಡು ಹೋಗ್ತಾರೆ. 'ಸೀಜ್ ಮಾಡಿದೀವಿ, ಆಫೀಸಿಗೆ ಬಾ.' ಆಫೀಸಿಗೆ ಹೋಗುವ ಹೊತ್ತಿಗೆ ಗಾಡಿ ಯಾವುದೋ ಯಾರ್ಡಿನಲ್ಲಿರುತ್ತದೆ, ಇಲ್ಲವೇ ಹರಾಜಾಗಿರುತ್ತದೆ.

ಎಲ್ಲ ಜಪ್ತಿಯೂ ಅನ್ಯಾಯ ಅಂತ ನಾವು ಹೇಳುತ್ತಿಲ್ಲ. ಕಂತು ತಪ್ಪಿದಾಗ, ಕರಾರಿನಲ್ಲಿ ಬರೆದಿದ್ದರೆ, ಸಾಲ ಕೊಟ್ಟವನು ಗಾಡಿ ವಾಪಸ್ಸು ಪಡೆಯಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲೂ 2020ರಲ್ಲೂ ಹೇಳಿದೆ. ಆದರೆ ಗೂಂಡಾಗಳನ್ನು ಬಿಟ್ಟು ಗಾಡಿ ಕಿತ್ತುಕೊಳ್ಳುವುದು ಸಲ್ಲದು ಎಂದು 2007ರಲ್ಲಿ ಹೇಳಿದ್ದೂ ಅದೇ ಕೋರ್ಟು. ಎಷ್ಟು ದಿನದ ನೋಟೀಸು, ಹರಾಜಿಗೆ ಮುಂಚೆ ಕಟ್ಟಲು ಕೊನೆಯ ಅವಕಾಶ ಹೇಗೆ, ಇವೆಲ್ಲ ಕರಾರಿನಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇಷ್ಟೆಲ್ಲ ಇದ್ದೂ 2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡದ ಹಜಾರಿಬಾಗ್ ಜಿಲ್ಲೆಯಲ್ಲಿ, ತಂದೆಯ ಟ್ರ್ಯಾಕ್ಟರ್ ಒಯ್ಯುತ್ತಿದ್ದವರಿಗೆ ಅಡ್ಡ ಬಂದ ಗರ್ಭಿಣಿ ಹೆಣ್ಣುಮಗಳು ಅದೇ ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿ ಸತ್ತಳು. ಹೊರಗಿನ ಏಜೆಂಟರಿಂದ ವಸೂಲಿ ಮಾಡಿಸಕೂಡದೆಂದು ರಿಸರ್ವ್ ಬ್ಯಾಂಕು ಆ ಕಂಪನಿಯನ್ನು ತಡೆಯಿತು. 2023ರ ಜನವರಿಯಲ್ಲಿ ಆ ತಡೆಯನ್ನು ತೆಗೆಯಿತು.

ನಮ್ಮ ಆಟೋದವನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಾನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡೋ ಮೂರೋ ವರ್ಷ ಓಡಾಡಿ ಗೆಲ್ಲುತ್ತಾನೆ. ಗಾಡಿಯ ಬೆಲೆ, ಬಡ್ಡಿ, ಮಾನಸಿಕ ಹಿಂಸೆಗೆ ಇಷ್ಟು, ಖರ್ಚಿಗೆ ಇಷ್ಟು ಅಂತ ಆದೇಶವಾಗುತ್ತದೆ. ನಮ್ಮ ಹುಡುಗರು ಪಟಾಕಿ ಹೊಡೆಯುತ್ತಾರೆ. ದುಡ್ಡು ಮಾತ್ರ ಬರುವುದಿಲ್ಲ.

ಯಾಕೆ ಬರುವುದಿಲ್ಲ? ತೀರ್ಪು ಬರೆಯುವುದು ಕೋರ್ಟಿನ ಕೆಲಸ, ವಸೂಲಿ ಮಾಡಿಕೊಳ್ಳುವುದು ಗೆದ್ದವನ ಕೆಲಸ. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆಯುವುದು ಮಾತ್ರ ಹಾಗೇ. ಅಮಲ್ಜಾರಿ ಅರ್ಜಿ ಅವನೇ ಹಾಕಬೇಕು. ಕಂಪನಿಯ ಆಸ್ತಿ ಎಲ್ಲಿದೆ ಅಂತ ಅವನೇ ಹುಡುಕಬೇಕು. ಅಮೀನನಿಗೆ ಬತ್ತಾ ಅವನೇ ಕಟ್ಟಬೇಕು. ಸಿವಿಲ್ ಕೋರ್ಟಿನ ಡಿಕ್ರಿಯಲ್ಲಂತೂ ಇನ್ನೊಂದು ತಮಾಷೆಯಿದೆ: ದುಡ್ಡು ಕೊಡದವನನ್ನು ಸಿವಿಲ್ ಜೈಲಿಗೆ ಹಾಕಿಸಬೇಕೆಂದರೆ ಅಲ್ಲಿ ಅವನ ಊಟದ ಖರ್ಚನ್ನು ಗೆದ್ದವನೇ ಮುಂಗಡ ಕಟ್ಟಬೇಕು! ಉಂಡವನಿಗೇ ಇನ್ನೊಂದು ಊಟ.

ಇದೇನೂ ಇವತ್ತಿನ ರೋಗವಲ್ಲ. ಈ ದೇಶದಲ್ಲಿ ಕಕ್ಷಿಗಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ಲು 1872ರಲ್ಲೇ ಗೊಣಗಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಿ ಅಂತ ಅಪ್ಪಣೆ ಮಾಡಿತು. 2025ರಲ್ಲಿ ಲೆಕ್ಕ ಕೇಳಿದಾಗ ಸಿವಿಲ್ ಕೋರ್ಟುಗಳಲ್ಲಿ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8.82 ಲಕ್ಷ. ನಮ್ಮ ಕರ್ನಾಟಕದಿಂದ ಸರಿಯಾದ ಲೆಕ್ಕವೇ ಹೋಗಿರಲಿಲ್ಲ ಅಂತ ಕೋರ್ಟು ಬೇಸರಪಟ್ಟುಕೊಂಡಿತು. ಗ್ರಾಹಕ ಕಾಯ್ದೆಯ ಕಥೆ ಇದಕ್ಕಿಂತ ಚೆಂದ. 2002ರ ತಿದ್ದುಪಡಿಯಲ್ಲಿ ಆಸ್ತಿ ಜಪ್ತಿಯ ಕಲಮನ್ನು 'ಮಧ್ಯಂತರ ಆದೇಶ'ಕ್ಕೆ ಮಾತ್ರ ಅನ್ವಯಿಸುವಂತೆ ಬರೆದುಬಿಟ್ಟರು. 2003ರಿಂದ 2020ರವರೆಗೆ ಅಂತಿಮ ಆದೇಶ ಕೈಯಲ್ಲಿ ಹಿಡಿದವನು ಈ ಒಂದು ಪದಕ್ಕೆ ಎಡವುತ್ತಿದ್ದ. ಅದನ್ನು 'ಯಾವುದೇ ಆದೇಶ' ಎಂದು ಓದಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಆಗಸ್ಟಿನಲ್ಲಿ. ಒಂದು ಪದ ಸರಿಯಾಗಲು ಇಪ್ಪತ್ತೆರಡು ವರ್ಷ!

ಈಗ ನೈತಿಕತೆಯ ಪ್ರಶ್ನೆಗೆ ಬರೋಣ. ಬಾಕಿ ಅನ್ನುವುದು ಒಂದೇ ಆದರೆ, ಬಡವ ಬಾಕಿ ಉಳಿಸಿಕೊಂಡಾಗ ಅದು ಅವನ ಚಾರಿತ್ರ್ಯದ ಮಾತಾಗುತ್ತದೆ, ಕಂಪನಿ ಉಳಿಸಿಕೊಂಡಾಗ ಬರೀ ಕಾರ್ಯವಿಧಾನದ ಮಾತಾಗುತ್ತದೆ. ಇದು ಹೇಗೆ? 'ಸಾಲ ತೀರಿಸದವನು', 'ಮಾತಿಗೆ ತಪ್ಪಿದವನು' ಅಂತ ನಾಲ್ಕು ಜನರ ಮುಂದೆ ಬೈಸಿಕೊಳ್ಳುವವನು ಆಟೋದವನು. ಆಯೋಗದ ಆದೇಶವನ್ನು ಎರಡು ವರ್ಷ ಡ್ರಾಯರಿನಲ್ಲಿಟ್ಟ ಮ್ಯಾನೇಜರನಿಗೆ ಅವನ ಬೀದಿಯಲ್ಲಿ ಯಾರಾದರೂ ಹಾಗಂದಾರೆಯೇ? ನಮ್ಮ ಭಾಷೆಯಲ್ಲೇ ಋಣ ಅನ್ನುವ ಮಾತು ಕೆಳಗಿನವನ ಬೆನ್ನಿಗೆ ಅಂಟಿಕೊಂಡಿದೆ. ಧಣಿಯ ಋಣ, ಉಪ್ಪಿನ ಋಣ. ಧಣಿಗೆ ಆಳಿನ ಋಣ ಇದೆ ಅಂತ ಯಾವ ಹಾಡಿನಲ್ಲೂ ನಾವು ಕೇಳಿಲ್ಲ. ಜೀತದ ಲೆಕ್ಕದ ಪುಸ್ತಕ ಓದಿ ಬೆಳೆದ ಸಮಾಜಕ್ಕೆ ಎದುರು ಪುಟದಲ್ಲೂ ಬಾಕಿ ಇರಬಹುದು ಅನ್ನುವುದೇ ಹೊಳೆಯುವುದಿಲ್ಲ.

ಅದಕ್ಕೇ ಕಾಗದದ ಗೆಲುವನ್ನು ನಾವು ನಂಬುವುದಿಲ್ಲ, ಬಿಸಾಡುವುದೂ ಇಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ಠರಾವು ಮಾಡಿದ್ದು 1923ರಲ್ಲಿ. ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಚವದಾರ್ ಕೆರೆ ಆಗಲೇ ಎಲ್ಲರದು. ಆ ಕಾಗದವನ್ನು ಒಂದು ಬೊಗಸೆ ನೀರಾಗಿ ಮಾಡಲು ಬಾಬಾಸಾಹೇಬರು 1927ರ ಮಾರ್ಚಿಯಲ್ಲಿ ಸಾವಿರಾರು ಜನರ ಜೊತೆ ಕೆರೆಗೆ ನಡೆದು ಹೋಗಬೇಕಾಯಿತು. ಹಿಂತಿರುಗುವಾಗ ಏಟು ತಿಂದವರು ನಮ್ಮವರು. ಆಮೇಲೆ ಸವರ್ಣೀಯರು ಹೂಡಿದ ದಾವೆ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾದದ್ದು 1937ರಲ್ಲಿ. ಆ ನಡಿಗೆಯೂ ಒಂದು ವಸೂಲಿಯೇ.

ಸಂಘದ ಬಿಸಿರಕ್ತದ ಹುಡುಗರು ಕೇಳುತ್ತಾರೆ: ಅವರ ಆಫೀಸಿನ ಜೀಪನ್ನು ನಾವೂ ಎಳಕೊಂಡು ಬಂದರೆ ಏನಾಯ್ತು? ಕೇಳುವ ಹಕ್ಕು ಅವರಿಗಿದೆ. ಆದರೆ ಎಳೆದು ತಂದ ಮಾರನೇ ದಿನ ಅವರ ಮೇಲೆ ಕೇಸು ಬೀಳುತ್ತದೆ, ಆ ಕೇಸಿನಲ್ಲಿ ಪೊಲೀಸರ ಚುರುಕು ಬೇರೆಯೇ ಇರುತ್ತದೆ. ಇನ್ನೂ ಒಂದು ಮಾತಿದೆ. ಕೋರ್ಟಿನ ಜಪ್ತಿಗೆ ಒಂದು ನಾಚಿಕೆ ಇದೆ. ಸಿವಿಲ್ ಸಂಹಿತೆಯ 60ನೇ ಕಲಮಿನ ಪ್ರಕಾರ ಅಮೀನ ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ನೇಗಿಲು ಎತ್ತುಗಳನ್ನು ಮುಟ್ಟುವಂತಿಲ್ಲ. ಅಡಮಾನದ ಆಟೋವನ್ನು ಕಾನೂನು ನೇಗಿಲು ಅಂತ ಲೆಕ್ಕ ಹಿಡಿಯುವುದಿಲ್ಲ, ಓಡಿಸುವವನಿಗೆ ಅದೇ ನೇಗಿಲು. ಬೆಳಗಿನ ಜಾವದ ಆ ನಾಲ್ವರಿಗೆ ಯಾವ ಕಲಮೂ ಇರಲಿಲ್ಲ. ನಾವು ಅವರ ದಾರಿ ಹಿಡಿದರೆ ಇರುವ ಆ ಒಂದು ನಾಚಿಕೆಯನ್ನೂ ಕಳೆದ ಹಾಗಾಗುತ್ತದೆ. ಅದರಿಂದ ನಷ್ಟ ನಮಗೇ.

ಇದಕ್ಕಿಂತ ಕಷ್ಟದ ಪ್ರಶ್ನೆ ಅರ್ಧದ್ದು. ಅಮಲ್ಜಾರಿ ನೋಟೀಸು ಮುಟ್ಟಿದ ಮೇಲೆ ಕಂಪನಿಯ ವಕೀಲರು ಬಂದು, 'ಅರ್ಧ ತಗೊಂಡು ಸಹಿ ಹಾಕು, ಇಲ್ದಿದ್ರೆ ಅಪೀಲು' ಅಂತಾರೆ. ನಮ್ಮವರು 'ಬೇಡ, ತತ್ವದ ಪ್ರಶ್ನೆ' ಅಂತಾರೆ. ತತ್ವ ನಮ್ಮದು, ಹಸಿವು ಅವನದು. ಪ್ರತಿಯೊಬ್ಬನೂ ಅರ್ಧಕ್ಕೆ ಒಪ್ಪಿದರೆ ಅನ್ಯಾಯಕ್ಕೆ ಅರ್ಧ ಬೆಲೆ ಅಂತ ಕಂಪನಿ ಕಲಿತುಬಿಡುತ್ತದೆ, ನಿಜ. ಆದರೆ ಆ ಪಾಠ ಕಲಿಸುವ ಖರ್ಚನ್ನು ಒಬ್ಬ ಆಟೋದವನ ಮಕ್ಕಳ ತಟ್ಟೆಯಿಂದ ತೆಗೆಯುವುದು ಯಾವ ನ್ಯಾಯ? ಅವನು ಅರ್ಧಕ್ಕೆ ಸಹಿ ಹಾಕಿದರೆ ಅವನನ್ನು ಹೇಡಿ ಅನ್ನುವ ಹಕ್ಕು ನಮಗಿಲ್ಲ. ಹಾಕಬೇಡ ಅನ್ನುವುದಾದರೆ ಅಲ್ಲಿಯವರೆಗೆ ಅವನ ಮನೆಯ ಅಕ್ಕಿಯ ಚಂದಾ ನಾವು ಎತ್ತಬೇಕು. ಭಾಷಣದ ಜೊತೆಗೆ ರಸೀದಿ ಪುಸ್ತಕವೂ ಇರಲಿ.

ಅಪೀಲಿನ ಬೆದರಿಕೆಗೆ ಅಷ್ಟು ಹೆದರಬೇಕಿಲ್ಲ. 2019ರ ಕಾಯ್ದೆಯಲ್ಲಿ ರಾಜ್ಯ ಆಯೋಗಕ್ಕೆ ಹೋಗಲು 45 ದಿನ, ಅದೂ ಆದೇಶದ ಅರ್ಧ ಹಣ ಠೇವಣಿ ಇಟ್ಟ ಮೇಲೆ. 71ನೇ ಕಲಮಿನಲ್ಲಿ ಆದೇಶವನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಪಾಲಿಸದವರಿಗೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ ಮೂರು ವರ್ಷದ ಜೈಲು, ಇಲ್ಲವೇ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆಸ್ತಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ಆಸ್ತಿಯ ಪಟ್ಟಿಯನ್ನು ಪ್ರಮಾಣಪತ್ರದಲ್ಲಿ ಕೊಡುವಂತೆ ಕಂಪನಿಯ ಅಧಿಕಾರಿಗೇ ಆಜ್ಞೆ ಮಾಡಿ ಅಂತ ಕೇಳಬಹುದು, ಸಂಹಿತೆಯ 21ನೇ ಆದೇಶದ 41ನೇ ನಿಯಮ ಅದಕ್ಕೇ ಇದೆ. ಇನ್ನು ಕುರ್ಚಿ ಮೇಜು ಹೊರುವುದಕ್ಕಿಂತ ಬ್ಯಾಂಕ್ ಖಾತೆಯನ್ನು ಹಿಡಿಯುವುದು ಸಲೀಸು. ಖಾತೆಯ ಗುರುತಿಗೆ ದೂರ ಹೋಗಬೇಕಿಲ್ಲ. ಕಂತು ಬ್ಯಾಂಕಿನ ಮೂಲಕ ಕಟ್ಟಿದ್ದರೆ ಅವನ ಹಳೇ ಚಲನ್ನುಗಳನ್ನು ಒಮ್ಮೆ ತೆಗೆಸಿ ನೋಡಿ, ಕಂಪನಿಯ ಖಾತೆ ಯಾವ ಬ್ಯಾಂಕಿನಲ್ಲಿದೆ ಅನ್ನುವುದು ಅದರಲ್ಲೇ ಅಚ್ಚಾಗಿರುತ್ತದೆ.