ತಪ್ಪು ತಂದೆಯದು, ಋಣ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜಮಾಅತಿನ ಹಿರಿಯರೊಬ್ಬರು ತೀರಿಕೊಂಡು ಹತ್ತು ದಿನಗಳಾಗಿದ್ದವು. ಅವರ ಹಿರಿಯ ಮಗ ನನ್ನನ್ನು ಮನೆಗೆ ಕರೆಸಿದ. ಅರುವತ್ತು ಸೆಂಟ್ಸ್ ಅಡಿಕೆ ತೋಟ, ಒಂದು ಹಳೆಯ ಮನೆ. ಅದನ್ನು ಶರೀಅತ್ತಿನ ಪ್ರಕಾರ ಪಾಲು ಮಾಡಿಕೊಡಬೇಕೆಂದು ಕೇಳಿದ. ಪತ್ನಿಗೆ ಎಂಟರಲ್ಲೊಂದು ಪಾಲು, ಉಳಿದುದರಲ್ಲಿ ಪ್ರತಿ ಮಗನಿಗೆ ಮಗಳ ಪಾಲಿನ ಎರಡರಷ್ಟು ಎಂದು ನಾನು ಕಾಗದದಲ್ಲಿ ಬರೆಯತೊಡಗಿದೆ. ಆಗ ಬಾಗಿಲ ಮರೆಯಿಂದ ಆ ತಾಯಿಯ ಧ್ವನಿ ಕೇಳಿಸಿತು: “ಉಸ್ತಾದರೇ, ಆ ಕಣ್ಣು ಹೋದವರ ಲೆಕ್ಕವನ್ನು ಎಲ್ಲಿ ಬರೆದಿರಿ?”

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಗಡಿಯ ಜಗಳದಲ್ಲಿ ಮೃತರು ನೆರೆಯವರಿಗೆ ದೊಣ್ಣೆಯಿಂದ ಹೊಡೆದಿದ್ದರು. ಆ ವ್ಯಕ್ತಿಯ ಒಂದು ಕಣ್ಣು ಹೋಯಿತು. ನ್ಯಾಯಾಲಯವು ಜೈಲು ಶಿಕ್ಷೆಯ ಜೊತೆಗೆ ಗಾಯಾಳುವಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತ್ತು. ಮೇಲ್ಮನವಿಯೂ ವಜಾ ಆಗಿತ್ತು. ಶಿಕ್ಷೆ ಮುಗಿಸಿ ಬಂದವರು ಹಣ ಕೊಡುವ ಮೊದಲೇ ಕಣ್ಣು ಮುಚ್ಚಿದರು.

ಕಿರಿಯ ಮಗ ಸಿಟ್ಟಾದ. “ಬಾಪ ಮಾಡಿದ್ದು ಬಾಪನಿಗೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂದು ನೀವೇ ಕಲಿಸಿದ್ದಲ್ಲವೇ?” ಎಂದ. ಸ್ವಲ್ಪ ತಡೆದು, “ಅವರು ನಮ್ಮವರೂ ಅಲ್ಲ” ಎಂದೂ ಸೇರಿಸಿದ.

ಓದುಗರೇ, ಈ ಯುವಕನ ಮೊದಲ ಮಾತನ್ನು ತಳ್ಳಿಹಾಕುವಂತಿಲ್ಲ. ಪವಿತ್ರ ಕುರ್‌ಆನ್ ಈ ತತ್ವವನ್ನು ಹಲವು ಅಧ್ಯಾಯಗಳಲ್ಲಿ ಸಾರಿದೆ. ತಂದೆಯ ಪಾಪಕ್ಕೆ ಮಗ ಉತ್ತರ ಕೊಡಬೇಕಾಗಿಲ್ಲ. ಅಪರಾಧಿಯ ಮಗನನ್ನು ಅಪರಾಧಿಯಂತೆ ಕಾಣುವುದು, ಅವನ ಮಗಳ ಮದುವೆಯ ಮಾತುಕತೆಯಲ್ಲಿ ಆ ವಿಷಯ ಎತ್ತುವುದು ಅನ್ಯಾಯ. ಆದರೆ ಇಲ್ಲಿ ಎರಡು ಬೇರೆ ವಿಷಯಗಳು ಒಂದರೊಡನೊಂದು ಬೆರೆತಿವೆ. ಪಾಪ ಒಂದು, ಋಣ ಇನ್ನೊಂದು. ಪಾಪವು ಮನುಷ್ಯನ ಜೊತೆ ಕಬರಿಗೆ ಹೋಗುತ್ತದೆ. ಋಣವು ಅವನು ಬಿಟ್ಟುಹೋದ ಸೊತ್ತಿಗೆ ಅಂಟಿಕೊಂಡು ಇಲ್ಲೇ ಉಳಿಯುತ್ತದೆ.

ಸೂರಃ ಅನ್ನಿಸಾದ 11 ಮತ್ತು 12ನೇ ವಚನಗಳನ್ನು ಗಮನವಿಟ್ಟು ಓದಿರಿ. ಮಕ್ಕಳು, ತಂದೆತಾಯಿ, ಗಂಡ, ಹೆಂಡತಿ, ಸಹೋದರರು, ಇವರ ಪಾಲುಗಳ ವಿವರ ಅಲ್ಲಿದೆ. ಆ ಎರಡೇ ವಚನಗಳಲ್ಲಿ ನಾಲ್ಕು ಬಾರಿ ಒಂದೇ ಷರತ್ತು ಬರುತ್ತದೆ: ಈ ಪಾಲುಗಳೆಲ್ಲ ವಸಿಯ್ಯತ್ ಮತ್ತು ಸಾಲ ತೀರಿದ ನಂತರ. ಇದರಿಂದಲೇ ಕರ್ಮಶಾಸ್ತ್ರ ಪಂಡಿತರು ಕ್ರಮವನ್ನು ನಿಗದಿಪಡಿಸಿದ್ದಾರೆ. ಮೊದಲು ಕಫನ್ ದಫನಿನ ಖರ್ಚು, ಬಳಿಕ ಸಾಲ, ಬಳಿಕ ಉಳಿದುದರ ಮೂರನೆಯ ಒಂದು ಭಾಗದೊಳಗೆ ವಸಿಯ್ಯತ್, ಕೊನೆಗೆ ವಾರೀಸುದಾರರ ಪಾಲು. ನಾವು ಕೊನೆಯ ಸಾಲಿನಲ್ಲಿ ನಿಂತವರು. ಮುಂದಿನ ಸಾಲಿನವನನ್ನು ಬದಿಗೆ ತಳ್ಳಿ ನಾವು ತೆಗೆದುಕೊಂಡರೆ ಅದು ವಾರೀಸು ಅಲ್ಲ, ಇನ್ನೊಬ್ಬರ ಹಕ್ಕು.

ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ಅಪರಾಧಿ ಸತ್ತರೂ ಅವನ ಸಾಲಕ್ಕೆ ಹೊಣೆಯಾಗುವ ಆಸ್ತಿಯು ದಂಡದ ಹೊಣೆಯಿಂದ ಬಿಡುಗಡೆಯಾಗದು ಎಂದು ಭಾರತೀಯ ದಂಡ ಸಂಹಿತೆಯ 70ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 8ನೇ ಕಲಮಿನಲ್ಲೂ ಅದೇ ನಿಯಮವಿದೆ. ಪರಿಹಾರದ ಮೊತ್ತವನ್ನು ದಂಡದಂತೆಯೇ ವಸೂಲು ಮಾಡಲಾಗುತ್ತದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ, ದಂಡ ತೆರಬೇಕಾದವನು ತೀರಿಕೊಂಡರೆ ಅದನ್ನು ಅವನ ಆಸ್ತಿಯಿಂದ, ಇಲ್ಲವೇ ಆ ಆಸ್ತಿ ಪಡೆದವರಿಂದ ವಸೂಲು ಮಾಡಬಹುದೆಂದು ತೀರ್ಪು ನೀಡಿದೆ. ಆದರೆ ಜೈಲು ಶಿಕ್ಷೆ ಯಾರಿಗೂ ವಾರೀಸಾಗಿ ಬರುವುದಿಲ್ಲ. ದಂಡ ಕಟ್ಟದಿದ್ದರೆ ಅನುಭವಿಸಬೇಕಾದ ಹೆಚ್ಚುವರಿ ಸೆರೆಯೂ ಮಕ್ಕಳಿಗೆ ದಾಟುವುದಿಲ್ಲ.

ಇಲ್ಲಿ ಒಂದು ಮಿತಿಯನ್ನು ನೆನಪಿಡಬೇಕು. ವಾರೀಸುದಾರನ ಹೊಣೆ ಮೃತನು ಬಿಟ್ಟುಹೋದ ಸೊತ್ತಿನಷ್ಟು ಮಾತ್ರ. ಒಂದು ಲಕ್ಷ ಕೊಡಬೇಕಾಗಿದ್ದು, ಅಂತ್ಯಕ್ರಿಯೆಯ ಖರ್ಚು ಕಳೆದು ಅರುವತ್ತು ಸಾವಿರವಷ್ಟೇ ಉಳಿದಿದ್ದರೆ ಆ ಅರುವತ್ತು ಸಾವಿರಕ್ಕೆ ಹೊಣೆ ಮುಗಿಯಿತು. ಮಗ ಗಲ್ಫಿನಲ್ಲಿ ದುಡಿದ ಹಣಕ್ಕೆ, ಮಗಳ ಚಿನ್ನಕ್ಕೆ, ಪತ್ನಿಯ ಸ್ವಂತ ಸೊತ್ತಿಗೆ ಯಾರೂ ಕೈ ಹಾಕುವಂತಿಲ್ಲ. ಪತ್ನಿಗೆ ಸಲ್ಲದೆ ಉಳಿದ ಮಹರ್ ಕೂಡ ಸಾಲವೇ ಎಂಬುದನ್ನು ನಾವು ಮರೆಯುತ್ತೇವೆ. ಆ ತಾಯಿ ವಾರೀಸುದಾರಳಾಗುವ ಮೊದಲು ಸಾಲ ಕೊಟ್ಟವರ ಸಾಲಿನಲ್ಲಿ ನಿಂತವಳು.

ಹಾಗಾದರೆ ಏನನ್ನೂ ಬಿಡದೆ ಸತ್ತವನಿಂದ ಗಾಯಗೊಂಡವನ ಗತಿಯೇನು? ಸಾಲ ಉಳಿಸಿಕೊಂಡವನ ಜನಾಝ ನಮಾಝಿಗೆ ನಿಲ್ಲಲು ಪ್ರವಾದಿವರ್ಯರು(ಸ) ಹಿಂಜರಿದಾಗ ಅಬೂ ಕತಾದ(ರ) ಆ ಸಾಲವನ್ನು ತಾನು ವಹಿಸಿಕೊಂಡರು. ಮುಂದೆ ಅನುಕೂಲ ಒದಗಿದಾಗ, ಸಾಲ ಬಿಟ್ಟು ಸತ್ತವರ ಹೊಣೆ ತನ್ನದೆಂದು ಪ್ರವಾದಿವರ್ಯರೇ(ಸ) ಘೋಷಿಸಿದರು. ಅಂದರೆ ಕುಟುಂಬದ ಶಕ್ತಿ ಮುಗಿದಲ್ಲಿ ಸಮಾಜದ ಹೊಣೆ ಆರಂಭವಾಗುತ್ತದೆ. ಇಂದು ನಮ್ಮ ರಾಜ್ಯದಲ್ಲೂ ಅಪರಾಧಕ್ಕೆ ಬಲಿಯಾದವರಿಗೆ ಸರಕಾರವೇ ಪರಿಹಾರ ನೀಡುವ ಯೋಜನೆಯಿದೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಇದನ್ನು ನೊಂದವರಿಗೆ ತಿಳಿಸುವುದೂ ಒಂದು ಸತ್ಕಾರ್ಯ.

“ಬಾಪ ನಿರಪರಾಧಿ” ಎಂದು ಮನೆಯವರು ಪ್ರಾಮಾಣಿಕವಾಗಿ ನಂಬಿದ್ದರೆ ಏನು ಮಾಡಬೇಕು? ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಅಪರಾಧಿ ಸತ್ತರೆ, ಅದನ್ನು ಮುಂದುವರಿಸಲು ಹತ್ತಿರದ ಸಂಬಂಧಿಕರು ಮೂವತ್ತು ದಿನಗಳೊಳಗೆ ಅನುಮತಿ ಕೇಳಬಹುದು. ಆ ದಾರಿ ಹಲಾಲ್. ಆದರೆ ನ್ಯಾಯಾಲಯದಲ್ಲಿ ಹೋರಾಡದೆ, ತೋಟವನ್ನು ಬೇರೆಯವರ ಹೆಸರಿಗೆ ಬರೆದು, “ಏನೂ ಉಳಿದಿಲ್ಲ” ಎಂದು ಕೈ ಆಡಿಸುವುದು ಸತ್ಯದ ಪರವಾದ ಹೋರಾಟವಲ್ಲ, ವಂಚನೆ.

ಕಿರಿಯವನ ಎರಡನೆಯ ಮಾತಿಗೆ ಜಾಬಿರ್(ರ)ರ ಜೀವನದಲ್ಲಿ ಉತ್ತರವಿದೆ. ಅವರ ತಂದೆ ಅಬ್ದುಲ್ಲಾ(ರ) ಉಹುದ್ ಯುದ್ಧದಲ್ಲಿ ಶಹೀದರಾದರು. ಅವರು ಓರ್ವ ಯಹೂದಿಗೆ ಖರ್ಜೂರದ ಸಾಲ ಬಾಕಿ ಉಳಿಸಿದ್ದರು. ಸಾಲಗಾರ ಪರಧರ್ಮೀಯನೆಂದೋ ತಂದೆ ಶಹೀದರೆಂದೋ ಸಾಲ ರದ್ದಾಗಲಿಲ್ಲ. ಪ್ರವಾದಿವರ್ಯರು(ಸ) ಸ್ವತಃ ಆ ತೋಟಕ್ಕೆ ಹೋಗಿ, ಅಳೆದು ಕೊಡುವಂತೆ ಜಾಬಿರ್‌ಗೆ ಹೇಳಿದರು. ಅಲ್ಲಾಹನು ಆ ಫಸಲಿನಲ್ಲಿ ಬರ್ಕತ್ ಇಟ್ಟನು. ಸಾಲ ಪೂರ್ಣ ತೀರಿ ಮಿಕ್ಕಿತು.

ಝುಬೈರ್(ರ)ರ ಮನೆಯ ಘಟನೆ ಇನ್ನೂ ಹೃದಯಸ್ಪರ್ಶಿ. ಹಿಜರಿ 36ರಲ್ಲಿ ಅವರು ವಧೆಗೊಳಗಾದಾಗ ಸಾಲ 22 ಲಕ್ಷ ಎಂದು ಮಗ ಅಬ್ದುಲ್ಲಾ(ರ) ಲೆಕ್ಕ ಹಾಕಿದರು. ಜಮೀನು ಮಾರಿ ಸಾಲ ತೀರಿಸಿದ ಬಳಿಕ ಸಹೋದರರು ಪಾಲು ಕೇಳಿದರು. ಅವರು ಒಪ್ಪಲಿಲ್ಲ. ತಂದೆಯಿಂದ ಬರಬೇಕಾದುದಿದ್ದರೆ ಬನ್ನಿರಿ ಎಂದು ನಾಲ್ಕು ವರ್ಷ ಹಜ್ಜಿನ ಸಮಯದಲ್ಲಿ ಸಾರಿದರು. ಆನಂತರವೇ ಪಾಲು ಹಂಚಿದರು. ನಾವಾದರೋ ಮನೆಬಾಗಿಲಿಗೆ ಬಂದ ಹಕ್ಕುದಾರನನ್ನು, “ಹೋದವರನ್ನೇ ಕೇಳು” ಎಂದು ಹಿಂದೆ ಕಳುಹಿಸುತ್ತೇವೆ.

ಆ ದಿನ ನಾನು ಬರೆದಿದ್ದ ಕಾಗದವನ್ನು ಹರಿದೆ. ತಪ್ಪು ನನ್ನದೂ ಆಗಿತ್ತು. ಪಾಲಿನ ಲೆಕ್ಕ ಬಾಯಿಪಾಠವಿದ್ದ ನನಗೆ ಅದರ ಮುಂಚಿನ ಷರತ್ತು ಆ ತಾಯಿ ಕೇಳುವವರೆಗೆ ನೆನಪಾಗಿರಲಿಲ್ಲ. ಹೊಸ ಕಾಗದದ ಮೊದಲ ಸಾಲಿನಲ್ಲಿ ನೆರೆಯವರ ಹೆಸರನ್ನು, ಅದರ ಕೆಳಗೆ ಆಕೆಯ ಮಹರನ್ನು ಬರೆದೆ. ಕೈಯಲ್ಲಿ ನಗದಿರಲಿಲ್ಲ. ಹಿರಿಯ ಮಗ ನೆರೆಯವರ ಮನೆಗೆ ಹೋಗಿ ಮಾತನಾಡಿದ. ಎರಡು ಅಡಿಕೆ ಕೊಯ್ಲಿನಲ್ಲಿ ಕೊಡುವುದೆಂದು ಅವರು ಒಪ್ಪಿದರು. ಎರಡನೆಯ ಕಂತನ್ನು ಕೊಂಡುಹೋದವನು ಕಿರಿಯ ಮಗನೇ.

ಹೋದ ಕಣ್ಣು ಹಣದಿಂದ ಮರಳಿ ಬರುವುದಿಲ್ಲ. ಆದರೆ ಬೇರೆಯವರನ್ನು ಹೊಡೆದು, ಅವರ ಹಕ್ಕನ್ನು ತಿಂದು ಬಂದವನ ನಮಾಝ್ ಉಪವಾಸಗಳ ಪುಣ್ಯವು ಪರಲೋಕದಲ್ಲಿ ಆ ನೊಂದವರ ಪಾಲಾಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸತ್ತ ತಂದೆಗಾಗಿ ಯಾಸೀನ್ ಓದಿಸುತ್ತೇವೆ, ಊಟ ಹಾಕುತ್ತೇವೆ. ಅದಕ್ಕಿಂತ ಮೊದಲು ಅವರ ಲೆಕ್ಕದ ಪುಸ್ತಕವನ್ನು ತೆರೆದು ನೋಡೋಣ. ನಮಗೆ ಬಂದ ತೋಟದಲ್ಲಿ ಇನ್ನೊಬ್ಬರ ಹಕ್ಕಿನ ಒಂದು ಅಡಿಕೆಯೂ ಉಳಿಯದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.