ಕಣ್ಮರೆಯ ಕಾಯಕ

ದುಡಿಮೆಯನ್ನು ಬರಿಯ ಹೊಟ್ಟೆಪಾಡೆಂದು ಬಗೆಯದೆ ಶಿವಪೂಜೆಯ ಮಟ್ಟಕ್ಕೇರಿಸಿದವರು ಹನ್ನೆರಡನೆಯ ಶತಮಾನದ ಶಿವಶರಣರು. ಆದರೆ ಎಲ್ಲ ದುಡಿಮೆಯೂ ಕಾಯಕವೆಂಬ ಹೆಸರಿಗೆ ಅರ್ಹವೇ? ಕೂಲಿ ಪಡೆದು ಕೆಲಸ ಕೆಡಿಸಿದವನೂ ಕಾಯಕಜೀವಿಯೆನಿಸುವನೇ? ಈ ಯಂತ್ರಯುಗದಲ್ಲಿ ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯಿದು.

ಮಾಲೂರು ತಾಲ್ಲೂಕಿನ ಟೇಕಲ್ ಬಂಡೆಗುಡ್ಡಗಳ ಸೀಮೆ. ಅಲ್ಲಿಯ ರಾಗಿಯ ಹೊಲಗಳು ಮಳೆಯನ್ನೇ ನಂಬಿರತಕ್ಕವು. ಆ ಕಡೆಯ ಗೃಹಸ್ಥನೊಬ್ಬನ ಟ್ರ್ಯಾಕ್ಟರು ಬಿತ್ತನೆಯ ಹೊತ್ತಿಗೆ ಅತಿಯಾಗಿ ಕಾದು ನಿಂತಿತು. ಕಾವಿಗೆ ಎಂಜಿನ್ನಿನ ಸಿಲಿಂಡರ್ ಹೆಡ್ಡು ಬಾಗಿತ್ತು. ಅದನ್ನು ಬಿಚ್ಚಿಸಿ ಲೇತ್ ಕಾರ್ಖಾನೆಯೊಂದಕ್ಕೆ ಒಯ್ದು, ಬೆಲೆಯನ್ನು ಜಗ್ಗಿ, ಸಂಜೆಯೊಳಗೆ ಬೇಕೆಂದು ಅವಸರಪಡಿಸಿದನು. ಮುಖವನ್ನು ಮಟ್ಟಮಾಡಿ, ಅಳೆದು ನೋಡಿದ್ದೇವೆಂದು ಹೇಳಿ ಅವರು ಹಣ ಪಡೆದರು. ಹೆಡ್ಡು ಕನ್ನಡಿಯಂತೆ ಹೊಳೆಯುತ್ತಿದ್ದಿತು. ಎರಡು ದಿನ ಉಳುವಷ್ಟರಲ್ಲಿ ಗ್ಯಾಸ್ಕೆಟ್ ಹೋಯಿತು. ನೀರು ಬೆರೆತು ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿತು. ಮತ್ತೆ ಬಿಚ್ಚಿ ಉಕ್ಕಿನ ನೇರಪಟ್ಟಿಯನ್ನಿಟ್ಟು ನೋಡಿದರೆ ನಡುವೆ ಸಂದು! ಸಂದು ಅಳೆಯುವ ತೆಳುತಗಡು ಸಲೀಸಾಗಿ ನುಸುಳಿತು. ಅಷ್ಟರಲ್ಲಿ ಹೊಲದ ಹದ ಆರಿಹೋಗಿದ್ದಿತು. ಹೋದ ಹಣ ಮರಳಿ ಬಂದೀತು. ಹೋದ ಹದ ಬಾರದು.

ಅದೇ ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಯ ಉಳಿ ಜಾರಿದರೆ ತಪ್ಪು ವಿಗ್ರಹದ ಮುಖದಲ್ಲಿಯೇ ಎದ್ದು ಕಾಣುವುದು. ಹೆಡ್ಡಿನ ಮುಖವಾದರೋ ಬೋಲ್ಟು ಬಿಗಿದೊಡನೆ ಕಣ್ಮರೆಯಾಗುವುದು. ಅಲ್ಲಿ 0.1 ಮಿಲಿಮೀಟರಿನಷ್ಟು ಬಾಗು, ಎಂದರೆ ಒಂದೆರಡು ಕೂದಲೆಳೆಯ ದಪ್ಪ, ಉಳಿದರೂ ಕೇಡಿಗೆ ಸಾಕು. ಅದನ್ನು ಕೊಳ್ಳುವವನ ಕಣ್ಣು ಅರಿಯದು. ಮಾಡುವವನ ಅಂತಃಕರಣವೊಂದೇ ಅರಿಯಬಲ್ಲುದು. ಆದುದರಿಂದ ಕಾಯಕದ ನಿಜವಾದ ಪರೀಕ್ಷೆ ನಡೆಯುವುದು ಮರೆಯಾಗುವ ಭಾಗದಲ್ಲಿಯೇ.

ಇಲ್ಲಿ ಒಂದು ವಿವೇಕ ಅವಶ್ಯಕ. ಲೋಹದೊಳಗಿನ ಬಿರುಕು ಕೆಲವೊಮ್ಮೆ ನುರಿತವನ ಕಣ್ಣನ್ನೂ ತಪ್ಪಿಸೀತು. ಕೈ ತಪ್ಪುವುದು ಮನುಷ್ಯಸಹಜ. ಅದು ಪ್ರಮಾದವೇ ಹೊರತು ಪಾಪವಲ್ಲ. ಅಳೆಯದೆ ಅಳೆದೆನೆನ್ನುವುದು ಮಾತ್ರ ಅಸತ್ಯ. ಮಾಡದ ಕೆಲಸಕ್ಕೆ ಪಡೆದ ಹಣ ಪರಧನ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪುಣ್ಯಾಂಗನೆ ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಕಳುಹಿಸಿದಳೆಂಬ ಕಥೆಯನ್ನು ಭಕ್ತರೆಲ್ಲ ಬಲ್ಲರು. ನೆಲಕ್ಕೆ ಬಿದ್ದ ಅಕ್ಕಿಯೇ ಮಿತಿಮೀರಿದಾಗ ಅಗ್ರಾಹ್ಯವಾದರೆ, ಸುಳ್ಳಿನಿಂದ ಪಡೆದ ಕೂಲಿಯ ಮಾತೇನು? ಅದರಿಂದ ದಾಸೋಹ ನಡೆಸಿದರೂ ಅದು ಲಿಂಗಕ್ಕೆ ಸಲ್ಲದು.

ಗೃಹಸ್ಥನೂ ತನ್ನ ಪಾಲನ್ನು ನೋಡಿಕೊಳ್ಳಬೇಕು. ಒಂದು ದಿನದ ಕೆಲಸವನ್ನು ಅರ್ಧ ದಿನದಲ್ಲಿ, ಅರ್ಧ ಬೆಲೆಗೆ ಬೇಡುವವನು ಅರಿಯದೆಯೇ ಅಳತೆಗೋಲನ್ನು ಕೆಳಗಿಡಿಸುವನು. ಹಾಗೆಂದು ಕಾರ್ಖಾನೆಯವನ ದೋಷ ತೊಳೆದುಹೋಗದು. ಆಗದ ಅವಧಿಗೆ ಆಗದೆನ್ನುವುದು ಅವನ ಧರ್ಮವಾಗಿದ್ದಿತು. ಕೆಟ್ಟ ಕೆಲಸ ಕಂಡಾಗ ಊರೆಲ್ಲ ದೂರಿ ತಿರುಗುವುದಕ್ಕಿಂತ ಮಾಡಿದವನ ಮುಂದೆಯೇ ಇಟ್ಟು ತೋರಿಸುವುದು ಸದಾಚಾರ. ತಪ್ಪೊಪ್ಪಿ, ಕೂಲಿಯಿಲ್ಲದೆ ಮತ್ತೆ ಮಾಡಿಕೊಡುವುದೇ ಅವನಿಗೆ ತಕ್ಕ ಪ್ರಾಯಶ್ಚಿತ್ತ, ಬೇರೆ ಹೋಮವೇತಕ್ಕೆ?

ಬೆಳಗ್ಗೆ ಇಷ್ಟಲಿಂಗವನ್ನು ಧರಿಸಿದ ಅಂಗೈಯೇ ಹಗಲಿನಲ್ಲಿ ಹತ್ಯಾರವನ್ನು ಹಿಡಿಯುವುದು. ಪೂಜೆಗೊಂದು ಕೈ, ಕಸುಬಿಗೊಂದು ಕೈ ಎಂಬುದಿಲ್ಲ. ಬೋಲ್ಟು ಬಿಗಿದ ಮೇಲೆ ಯಾರೂ ಕಾಣದ ಎಡೆಯಲ್ಲಿ ಸತ್ಯವನ್ನಿರಿಸಿದವನ ದುಡಿಮೆಯೇ ಕಾಯಕ. ಉಳಿದುದೆಲ್ಲ ಬರಿಯ ಕೂಲಿ.